ಲಾಲಮ್ಮನ ಎಡಗಾಲು

ಲಾಲಮ್ಮ ಹುಟ್ಟುವಾಗ ತಲೆಗಿಂತ ಮೊದಲು ಕಾಲು ಹೊರಗೆ ಬಂತಂತೆ. ಅದರಲ್ಲೂ ಎಡಗಾಲು. ಸೂಲಗಿತ್ತಿ ಹೊರಗೆ ಬಂದು ಆ ಸುದ್ದಿ ಹೇಳಿದ ಗಳಿಗೆಯಿಂದ ಆ ಕಾಲು ಆಕೆಯದಾಗಿ ಉಳಿಯಲಿಲ್ಲ, ಊರಿನದಾಯಿತು. ನಮ್ಮ ಕಡೆ ನಂಬಿಕೆ ಹಾಗಿದೆ. ಕಾಲು ಮೊದಲಾಗಿ ಹುಟ್ಟಿದವರು ಎಡಗಾಲಿನಿಂದ ಮೂರು ಸಲ ಮುಟ್ಟಿದರೆ ಹಿಡಿದ ಟೊಂಕ ಬಿಡುತ್ತದೆ, ಬೆನ್ನಿನ ಚಳಕು ಇಳಿಯುತ್ತದೆ. ರವಿವಾರ ಇಲ್ಲವೇ ಅಮಾವಾಸ್ಯೆ, ಬೆಳಿಗ್ಗೆ, ಬರಿ ಹೊಟ್ಟೆಯಲ್ಲಿ ಹೋಗಬೇಕು. ಇದಕ್ಕೊಂದು ಕಟ್ಟಳೆಯೂ ಇದೆ. ಹೋದವರು ಮಾತಾಡಬಾರದು. ಬೋರಲು ಮಲಗಬೇಕು, ಮುಟ್ಟಿಸಿಕೊಳ್ಳಬೇಕು, ಎದ್ದು ಹಿಂತಿರುಗಿ ನೋಡದೆ ಹೋಗಿಬಿಡಬೇಕು. ಮಾತಾಡಿದರೆ, ತಿರುಗಿ ನೋಡಿದರೆ, ಬಿಟ್ಟ ಬೇನೆ ಮತ್ತೆ ಬೆನ್ನು ಹತ್ತುತ್ತದೆ.

ಶಹಾಪುರ ಮತ್ತು ಸುರಪುರದ ನಡುವಿನ ಈ ಊರಿಗೆ ನಾನು ಮಾಸ್ತರನಾಗಿ ಬಂದಾಗ ಲಾಲಮ್ಮನಿಗೆ ನಲವತ್ತು ದಾಟಿತ್ತು. ಗಂಡ ಈಶಪ್ಪ ಮದುವೆಯಾದ ಆರನೇ ವರ್ಷ ಕಾಮಣಿ ಬೇನೆಯಾಗಿ ತೀರಿಹೋಗಿದ್ದ. ಮಕ್ಕಳಿಲ್ಲ. ಅಣ್ಣ ತಮ್ಮ ಅನ್ನುವವರೂ ಇಲ್ಲ. ಕೂಲಿ ಕೆಲಸ, ಒಂದು ಖೋಲಿಯ ಮನೆ, ಮತ್ತು ಆ ಕಾಲು. ನನ್ನ ಹೆಂಡತಿ ಮಕ್ಕಳು ಶಹಾಪುರದಲ್ಲಿದ್ದರು. ನಾನು ವಾರವಿಡೀ ಲಾಲಮ್ಮನ ಮನೆಯ ಪಕ್ಕದ ಬಾಡಿಗೆ ಖೋಲಿಯಲ್ಲಿ ಕೈ ಸುಟ್ಟುಕೊಂಡು ಅಡುಗೆ ಮಾಡಿಕೊಳ್ಳುತ್ತಿದ್ದೆ. ಹೀಗಾಗಿ ಆಕೆಯ ಮನೆಗೆ ಯಾರು ಬರುತ್ತಾರೆ, ಯಾರು ಹೋಗುತ್ತಾರೆ ಎಂಬುದು ನನಗೆ ಬೇಡವೆಂದರೂ ಕಾಣುತ್ತಿತ್ತು.

ಕಾಲುವೆ ಬರುವುದಕ್ಕೆ ಮೊದಲು ಊರಲ್ಲಿ ಜೋಳ, ತೊಗರಿ ಅಷ್ಟೇ. ಟೊಂಕ ಹಿಡಿಸಿಕೊಳ್ಳುವವರು ತಿಂಗಳಿಗೆ ಒಬ್ಬಿಬ್ಬರು. ಕೃಷ್ಣೆಯ ನೀರು ಕಾಲುವೆಗೆ ಬಂತು, ಹೊಲಗಳು ಗದ್ದೆಗಳಾದವು, ಹೆಂಗಸರು ದಿನವಿಡೀ ಕೆಸರಿನಲ್ಲಿ ಬಗ್ಗಿ ನೆಲ್ಲು ಹಚ್ಚತೊಡಗಿದರು. ಊರಿಗೆ ಊರೇ ಟೊಂಕ ಹಿಡಿದುಕೊಂಡು ಕೂತಿತು. ರವಿವಾರ ಬೆಳಿಗ್ಗೆ ಲಾಲಮ್ಮನ ಅಂಗಳದಲ್ಲಿ ಹತ್ತು ಹದಿನೈದು ಮಂದಿ. ಎಲ್ಲರೂ ಬಾಯಿ ಕಟ್ಟಿದವರು. ಒಬ್ಬೊಬ್ಬರಾಗಿ ಮಲಗುವುದು, ಏಳುವುದು, ಹೋಗುವುದು. ಸಾಲೆಯಲ್ಲಿ ನನ್ನ ಹುಡುಗರು ಒಂದು ದಿನವೂ ಅಷ್ಟು ಶಿಸ್ತಿನಿಂದ ಇದ್ದದ್ದನ್ನು ನಾನು ನೋಡಲಿಲ್ಲ.

"ಯಾರ ಬೆನ್ನು ಯಾವುದು ಅಂತ ಕತ್ತಲದಾಗೂ ಹೇಳ್ತೀನ್ರಿ ಸರ. ಮಾರಿ ಅಷ್ಟು ಗುರ್ತ ಹತ್ತಂಗಿಲ್ಲ" ಎಂದು ಲಾಲಮ್ಮ ಒಮ್ಮೆ ನಗುತ್ತ ಹೇಳಿದ್ದಳು. ನಾನೂ ನಕ್ಕಿದ್ದೆ. ಆಗ ಅದರಲ್ಲಿ ನಗುವಂಥದ್ದು ಏನೋ ಇದೆ ಅನ್ನಿಸಿತ್ತು.

ಎರಡು ಸಾವಿರದ ಹನ್ನೆರಡರ ಶ್ರಾವಣದಲ್ಲಿ ಲಾಲಮ್ಮ ಕೆಲಸ ಮುಗಿಸಿ ಬರುವಾಗ ತೂಬಿನ ಹತ್ತಿರ ಜಾರಿ ಬಿದ್ದಳು. ಎಡ ಪಾದದ ಕೀಲು ಉಳುಕಿತು. ಮೂಳೆ ಮುರಿದಿರಲಿಲ್ಲ. ಎದುರು ಮನೆಯ ತಿಮ್ಮವ್ವ ಎಕ್ಕೆಯ ಎಲೆ ಬೆಚ್ಚಗೆ ಮಾಡಿ ಕಟ್ಟಿದಳು. ಹದಿನೈದು ದಿನಕ್ಕೆ ಬಾವು ಇಳಿಯಿತು. ಎಲ್ಲ ಸರಿಯಾಯಿತು ಅಂದುಕೊಳ್ಳುವಷ್ಟರಲ್ಲಿ ಉರಿ ಶುರುವಾಯಿತು.

ಆ ಉರಿ ಎಂಥದ್ದು ಎಂದು ಆಕೆ ಆಗ ಯಾರಿಗೂ ಹೇಳಲಿಲ್ಲ. ಮೊಟಾರು ಸೈಕಲ್ಲಿನ ಮೇಲೆ ಚೀಲ ನೇತುಹಾಕಿಕೊಂಡು ಊರೂರು ತಿರುಗುವ ಬಸವಂತ್ರಾಯನಿಂದ ಮಾತ್ರ ಕದ್ದು ಸೂಜಿ ಮಾಡಿಸಿಕೊಂಡಳು. ಅವನು ಡಾಕ್ಟರನಲ್ಲ, ಆದರೆ ಎಲ್ಲರೂ ಡಾಕ್ಟರ ಅನ್ನುತ್ತಿದ್ದರು, ಅವನಿಗೂ ರೂಢಿಯಾಗಿತ್ತು. ಸೂಜಿ ಹಾಕಿದ ಎರಡು ದಿನ ಆರಾಮ, ಮೂರನೆಯ ದಿನ ಮತ್ತೆ ಅದೇ. ಆಮೇಲೆ ಬಣ್ಣ ಬಣ್ಣದ ಗುಳಿಗೆ. ಗುಳಿಗೆಗೆ ಮುಖ ಊದಿಕೊಂಡಿತೇ ಹೊರತು ಉರಿ ಹೋಗಲಿಲ್ಲ. ತಿಮ್ಮವ್ವ ಬರೆ ಹಾಕೋಣ ಅಂದಳು. ಲಾಲಮ್ಮ ಅದಕ್ಕೂ ಒಪ್ಪಿದಳು. ಕಾದ ಸರಳಿನ ಗುರುತು ಪಾದದ ಮೇಲೆ ಎರಡು ಕಡೆ ಬಿತ್ತು. ಬೆಂಕಿಗೆ ಬೆಂಕಿ ಸೇರಿದಂತಾಯಿತು ಅಷ್ಟೇ.

ಇಷ್ಟೆಲ್ಲ ನಡೆದರೂ ರವಿವಾರದ ಕೆಲಸ ನಿಲ್ಲಿಸಲಿಲ್ಲ. ಏಕೆ ನಿಲ್ಲಿಸಲಿಲ್ಲ ಎಂಬುದು ನನಗೆ ಬಹಳ ದಿನಗಳ ಮೇಲೆ ತಿಳಿಯಿತು. ವಾರದ ಆರು ದಿನ ಆ ಮನೆಯ ಹೊಸ್ತಿಲು ಯಾರೂ ದಾಟುತ್ತಿರಲಿಲ್ಲ. ಕಾಲು ಕೆಟ್ಟಿದೆ ಎಂದು ಗೊತ್ತಾದರೆ ಏಳನೆಯ ದಿನವೂ ಯಾರೂ ಬರುವುದಿಲ್ಲ.

ಕಾರ್ತಿಕದ ಅಮಾವಾಸ್ಯೆಯಂದು ನನ್ನ ಟೊಂಕ ಹಿಡಿಯಿತು. ನಾನು ವಿಜ್ಞಾನ ಕಲಿಸುವವನು. ಕಾಲು ಮುಟ್ಟಿದರೆ ಬೇನೆ ಹೋಗುವುದಿಲ್ಲ ಎಂದು ನನಗೆ ಚೆನ್ನಾಗಿ ಗೊತ್ತು. ಆದರೂ ಹೋಗಿ ಬೋರಲು ಮಲಗಿದೆ. ಟೊಂಕ ಹಿಡಿದವನಿಗೆ ಯಾವ ವಿಜ್ಞಾನ! ಮೊದಲ ಸಲ ಮುಟ್ಟಿದಳು, ಎರಡನೆಯ ಸಲ ಮುಟ್ಟಿದಳು. ಮೂರನೆಯದಕ್ಕೆ ಮೇಲಿನಿಂದ "ಯಪ್ಪಾ" ಎಂಬ ಸಣ್ಣ ಸದ್ದು ಕೇಳಿತು. ಕಟ್ಟಳೆ ಮರೆತು ತಿರುಗಿ ನೋಡಿದೆ.

ಲಾಲಮ್ಮ ಗೋಡೆ ಹಿಡಿದು ನಿಂತಿದ್ದಳು. ಸೆರಗಿನ ತುದಿ ಹಲ್ಲಿನ ನಡುವೆ ಇತ್ತು. ಎಡಗಾಲು ನೆಲದಿಂದ ಗೇಣುದ್ದ ಮೇಲೆ. ಪಾದ ಕೆಂಪಗೆ, ಎಣ್ಣೆ ಹಚ್ಚಿದಂತೆ ಮಿರಮಿರ ಮಿಂಚುತ್ತಿತ್ತು.

"ತಿರುಗಿ ನೋಡಬಾರದಾಗಿತ್ರಿ ಸರ. ನಿಮ್ಮ ಬ್ಯಾನಿ ಹೋಗಂಗಿಲ್ಲ ಇನ್ನ" ಅಂದಳು.

"ನನ್ನ ಬ್ಯಾನಿ ಹಾಳಾಗಿ ಹೋಗ್ಲಿ. ಇದೇನು ಕಾಲು?"

ಆಕೆ ಕುಳಿತಳು. ಆಮೇಲೆ ಎಲ್ಲ ಹೇಳಿದಳು. ಸೀರೆಯ ಅಂಚು ತಾಗಿದರೆ ಕೆಂಡ ತಾಗಿದಂತೆ. ಫ್ಯಾನಿನ ಗಾಳಿ ಬಿದ್ದರೆ ಚೂರಿಯಿಂದ ಕೊರೆದಂತೆ. ಮಲಗುವಾಗ ಕಾಲನ್ನು ಹೊದಿಕೆಯ ಹೊರಗೆ ಚಾಚಬೇಕು. "ನಾಕು ತಿಂಗಳಾತ್ರಿ. ಊರ ಮಂದಿ ಬ್ಯಾನಿ ತಗಿಯೋ ಕಾಲು, ತನ್ನ ಬ್ಯಾನಿ ತಾ ತಕ್ಕೊಳಾಕ ಬರವಲ್ದು."

ನನಗೆ ಸಿಟ್ಟು ಬಂತು. ಯಾರ ಮೇಲೆ ಎಂದು ಕೇಳಿದರೆ ಹೇಳಲಾರೆ. ಆಕೆಯ ಮೇಲೆ, ಊರ ಮೇಲೆ, ಮೂರು ನಿಮಿಷದ ಹಿಂದೆ ಅದೇ ಕಾಲಿನ ಕೆಳಗೆ ಬೋರಲು ಬಿದ್ದಿದ್ದ ನನ್ನ ಮೇಲೆ. ಮುಂದಿನ ವಾರವೇ ಯಾದಗಿರಿಯ ದವಾಖಾನೆಗೆ ಕರೆದುಕೊಂಡು ಹೋದೆ. ನನ್ನ ಟೊಂಕ ಮಾತ್ರ ನಿಜವಾಗಿಯೂ ಬಿಡಲಿಲ್ಲ. ದಾರಿಯ ಕುಣಿಗಳಲ್ಲಿ ಬಸ್ಸು ಎಗರಿದಾಗಲೆಲ್ಲ ಅದು ನನಗೆ ಕಟ್ಟಳೆಯ ನೆನಪು ಮಾಡಿತು.

ದೊಡ್ಡ ಡಾಕ್ಟರರು ಕಾಲಿನ ಎಕ್ಸ್‌ರೇ ತೆಗೆಸಿದರು, ರಕ್ತ ನೋಡಿದರು, ನರಕ್ಕೆಂದು ಒಂದು ಗುಳಿಗೆ ಬರೆದುಕೊಟ್ಟರು. ಬಸವಂತ್ರಾಯನ ಗುಳಿಗೆಗಳನ್ನು ನೋಡಿ, ಇವನ್ನು ಒಮ್ಮೆಲೇ ನಿಲ್ಲಿಸಬೇಡ, ಹೀಗೆ ಹೀಗೆ ಕಡಿಮೆ ಮಾಡು ಎಂದು ಬರೆದುಕೊಟ್ಟು, ಕಡೆಯ ಕೋಣೆಗೆ ಕಳಿಸಿದರು. ಅಲ್ಲಿ ವ್ಯಾಯಾಮ ಮಾಡಿಸುವ ಗೌಹರಬೇಗಂ ಇದ್ದಳು. ಇಪ್ಪತ್ತೈದೋ ಇಪ್ಪತ್ತಾರೋ ವಯಸ್ಸು, ಕಲಬುರಗಿಯವಳು, ಮಾತಿಗೆ ತಡೆಯಿಲ್ಲ.

ಆಕೆ ಪಾದವನ್ನು ಮುಟ್ಟದೆ ಬಹಳ ಹೊತ್ತು ನೋಡಿದಳು. ಒಂದು ಉದ್ದ ಇಂಗ್ಲಿಷ್ ಹೆಸರು ಹೇಳಿ, ತಾನೇ ಅದನ್ನು ಕೈಬೀಸಿ ದೂರ ತಳ್ಳಿದಳು. "ಹೆಸರು ಬಿಡ್ರಿ ಅಕ್ಕಾ. ಗಾಯ ಮಾಯ್ದು ಭಾಳ ದಿನ ಆಗ್ಯಾದ. ನರಕ್ಕ ಆ ಸುದ್ದಿ ಇನ್ನೂ ಮುಟ್ಟಿಲ್ಲ. ಮಾಸ್ತರ್ರೀ, ನಿಮ್ಮ ಸಾಲ್ಯಾಗ ಹುಡುಗ್ರೆಲ್ಲ ಮನಿಗಿ ಹೋದಮ್ಯಾಗೂ ಜವಾನ ಗಂಟಿ ಬಾರಿಸ್ಕೋತ ನಿಂತ್ರ ಹೆಂಗ? ಹಂಗಾಗ್ಯಾದ ಇದು."

ನರಕ್ಕೆ ಸುದ್ದಿ ಮುಟ್ಟಿಸುವ ದಾರಿಯನ್ನೂ ಹೇಳಿದಳು. ಮೊದಲು ಹತ್ತಿಯಿಂದ ಪಾದವನ್ನು ಸವರಬೇಕು, ದಿನಕ್ಕೆ ನಾಲ್ಕು ಸಲ, ಐದೈದು ನಿಮಿಷ. ಅದನ್ನು ತಾಳಿಕೊಂಡರೆ ಹಳೆಯ ಸೀರೆಯ ತುಂಡು. ಆಮೇಲೆ ಟವೆಲು, ಕಂಬಳಿ, ಕಡೆಗೆ ಗೋಣಿಚೀಲ. ಬುಟ್ಟಿಯಲ್ಲಿ ಜೋಳ ಹಾಕಿ ಪಾದ ಊರಬೇಕು. ಉರಿಯುತ್ತದೆ ಎಂದು ಕಾಲು ಎತ್ತಿಕೊಂಡು ಕೂತರೆ ಕಾಲು ಮರಗಟ್ಟುತ್ತದೆ. ಇದ್ಯಾವುದಕ್ಕೂ ಬಗ್ಗದಿದ್ದರೆ ದೊಡ್ಡ ಊರಲ್ಲಿ ಬೆನ್ನಿನ ಹತ್ತಿರ ನರಕ್ಕೇ ಸೂಜಿ ಹಾಕುವವರಿದ್ದಾರೆ, ಅದು ಕಡೆಯ ಮಾತು. "ಮೂರು ತಿಂಗಳು ನೋಡೂನು. ನಡಿಲಿಲ್ಲಂದ್ರ ಕಾಲು ಸೊರಗಿ ಹೋಗ್ತದ. ಆಮ್ಯಾಗ ಕೋಲ ಗತಿ."

ಆಮೇಲೆ ಒಂದು ಕನ್ನಡಿ ತಂದು ಎರಡು ಕಾಲಿನ ನಡುವೆ ನಿಲ್ಲಿಸಿದಳು. ಎಡಗಾಲು ಕನ್ನಡಿಯ ಹಿಂದೆ ಮರೆಯಾಯಿತು. ಬಲಗಾಲು ಕನ್ನಡಿಯೊಳಗೆ ಎಡಗಾಲಾಗಿ ಕಂಡಿತು. ಬಲಗಾಲನ್ನು ಹತ್ತಿಯಿಂದ ಸವರುತ್ತ, ಕನ್ನಡಿಯನ್ನೇ ನೋಡು ಅಂದಳು. ಲಾಲಮ್ಮ ನೋಡಿದಳು. ಯಾರೋ ತನ್ನ ಎಡಗಾಲನ್ನು ಸವರುತ್ತಿದ್ದಾರೆ, ಉರಿಯುತ್ತಿಲ್ಲ.

"ಸುಳ್ಳ ತೋರಿಸಿದ್ರೂ ನಂಬ್ತದೇನ್ರಿ ನರ?"

"ಛಲೋತ್ನಂಗ ತೋರಿಸಿದ್ರ ನಂಬ್ತದ ಅಕ್ಕಾ" ಎಂದು ಗೌಹರಬೇಗಂ ನಕ್ಕಳು. ಚೀಟಿ ಬರೆಯುತ್ತ ಕೇಳಿದಳು, "ಮನಿಯಾಗ ಯಾರದಾರ? ಹತ್ತಿ ಸವರೋದು ಎರಡನೇವ್ರ ಕೈಲಿ ಆಗಬೇಕು. ತನ್ನ ಕೈಲಿ ತಾ ಕಚಗುಳಿ ಇಟ್ಕೊಂಡ್ರ ನಗಿ ಬರ್ತದೇನ್ರಿ? ಬರಂಗಿಲ್ಲ. ಇದೂ ಹಂಗ. ಬ್ಯಾರೆಯವ್ರು ಮುಟ್ಟಿದಾಗ ಬೆದರಬಾರ್ದು ಅಂತ ನರ ಕಲೀಬೇಕು."

ಲಾಲಮ್ಮ ಕನ್ನಡಿಯಿಂದ ಕಣ್ಣು ತೆಗೆಯಲಿಲ್ಲ. "ತಂಗಿ ಅದಾಳ್ರಿ. ಮೌನಮ್ಮ ಅಂತ."

ಗೌಹರಬೇಗಂ ಚೀಟಿಯಲ್ಲಿ ಬರೆದುಕೊಂಡಳು. ಆಕೆಗೆ ತಂಗಿಯಿಲ್ಲ ಎಂದು ನನಗೆ ಗೊತ್ತಿತ್ತು.

ಊರಿಗೆ ಬಂದ ಮೇಲೆ ಲಾಲಮ್ಮ ತಿಮ್ಮವ್ವನನ್ನು ಕೇಳಿದಳು. ಎಲೆ ಕಟ್ಟಿದವಳು, ಬರೆ ಹಾಕಿದವಳು, ಹತ್ತಿ ಸವರುವುದಕ್ಕೆ ಹಿಂದೆ ಸರಿದಳು. ಆಸ್ಪತ್ರೆಗೆ ಹೋಗಿ ಬಂದ ಸುದ್ದಿ ಅಷ್ಟರಲ್ಲಿ ಹರಡಿತ್ತು, ಅದರ ಜೊತೆಗೊಂದು ಅರ್ಥವೂ ಹುಟ್ಟಿತ್ತು. "ಊರ ಬ್ಯಾನಿ ಎಲ್ಲಾ ಆ ಪಾದದಾಗ ಬಂದು ಕುಂತಾದ. ಇಷ್ಟ ವರ್ಷ ತಕ್ಕೊಂಡದ್ದು ಎಲ್ಲಿ ಹೋಗಬೇಕು? ಈಗ ಮುಟ್ಟಿದವ್ರಿಗಿ ಹತ್ತತದ" ಎಂದು ತಿಮ್ಮವ್ವ ನನ್ನ ಮುಂದೆಯೇ ಹೇಳಿದಳು. ಬರೆ ಹಾಕುವಾಗ ಹತ್ತಲಿಲ್ಲವೇ ಎಂದು ಕೇಳಿದೆ. ಸರಳು ಉದ್ದ ಇತ್ತಲ್ಲ ಎಂದಳು. ಈ ಊರಿನವರ ಜೊತೆ ವಾದಕ್ಕೆ ಕೂತರೆ ಗೆಲ್ಲುವುದು ಸಾಧ್ಯವಿಲ್ಲ.

ಲಾಲಮ್ಮ ಅಲ್ಲಿಗೆ ಬಿಡಲಿಲ್ಲ. ಯಾರ ಯಾರ ಬೆನ್ನು ಮುಟ್ಟಿದ್ದಳೋ ಅವರ ಮನೆಗಳಿಗೆ ಕುಂಟುತ್ತ ಹೋದಳು. ಕೈಯಲ್ಲಿ ಕಾಗದ ಸುತ್ತಿದ ಹತ್ತಿಯ ಸುರುಳಿ. ಒಬ್ಬರು ನೀರು ಕೊಟ್ಟರು, ಒಬ್ಬರು ರೊಟ್ಟಿ ಕಟ್ಟಿಕೊಟ್ಟರು. ಹತ್ತಿ ಯಾರೂ ಕೈಗೆ ತೆಗೆದುಕೊಳ್ಳಲಿಲ್ಲ. ಮುಂದಿನ ರವಿವಾರ ಅಂಗಳಕ್ಕೆ ಇಬ್ಬರು ಬಂದರು. ಅದರ ಮುಂದಿನ ರವಿವಾರ ಅಂಗಳ ಖಾಲಿ.

ನಾನು ಏಕೆ ಸವರಲಿಲ್ಲ ಎಂದು ನೀವು ಕೇಳಬಹುದು. ಗಂಡಸು, ಮಾಸ್ತರ, ಆಕೆ ಒಂಟಿ ಹೆಣ್ಣುಮಗಳು, ಊರಿನ ಬಾಯಿ ಮುಚ್ಚಲು ಯಾವ ಮುಚ್ಚಳವಿದೆ? ಇವೆಲ್ಲ ನಿಜ. ಆದರೆ ತಿಮ್ಮವ್ವನ ಮಾತು ನನ್ನ ತಲೆಯ ಒಂದು ಮೂಲೆಯಲ್ಲಿ ಕೂತಿತ್ತು ಎಂಬುದೂ ನಿಜ. ನನ್ನ ಟೊಂಕ ಇನ್ನೂ ಬಿಟ್ಟಿರಲಿಲ್ಲ. ಇದನ್ನು ಬರೆಯಲು ನಾಚಿಕೆಯಾಗುತ್ತದೆ.

ಒಂದು ಸಂಜೆ ಸಾಲೆಯಿಂದ ಬರುವಾಗ ಲಾಲಮ್ಮನ ಮನೆಯೊಳಗೆ ಮಾತು ಕೇಳಿಸಿತು. ಬಾಗಿಲು ಅರ್ಧ ತೆರೆದಿತ್ತು. ಆಕೆ ಗೋಡೆಗೆ ಒರಗಿ ಕಣ್ಣು ಮುಚ್ಚಿ ಕೂತಿದ್ದಳು. ತನ್ನ ಕೈಯಿಂದಲೇ ಹತ್ತಿ ಹಿಡಿದು ಪಾದ ಸವರಿಕೊಳ್ಳುತ್ತಿದ್ದಳು.

"ಸಾವಕಾಶ ಮೌನವ್ವಾ. ಇವತ್ತ ಉರಿ ಭಾಳದ. ಹಾಂ, ಹಂಗ. ಕೈ ನೋಯ್ತಾದೇನ? ನೋವಾದ್ರ ಬಿಡು, ಉಂಡು ಮಾಡೀಯಂತ."

ತಲೆ ಕೆಟ್ಟಿತಲ್ಲಪ್ಪಾ ಎಂದು ಗಾಬರಿಯಾದೆ. ಮರುದಿನ ನೋಡಿದರೆ ತಲೆ ನೆಟ್ಟಗೇ ಇತ್ತು. ಬಿಡಿಸಿ ಕೇಳುವ ಧೈರ್ಯ ನನಗಾಗಲಿಲ್ಲ.

ಹದಿನೈದು ದಿನಕ್ಕೊಮ್ಮೆ ಯಾದಗಿರಿಗೆ ಹೋಗುತ್ತಿದ್ದೆವು. ಹೋದಾಗಲೆಲ್ಲ ಗೌಹರಬೇಗಂ ಕೇಳುವ ಮೊದಲ ಮಾತು, "ತಂಗಿ ಏನಂತಾಳ?" ಲಾಲಮ್ಮ ಹೇಳುತ್ತಿದ್ದಳು. ಮೌನಮ್ಮ ಹಟಮಾರಿ, ಐದು ನಿಮಿಷ ಅಂದರೆ ಹತ್ತು ನಿಮಿಷ ಸವರುತ್ತಾಳೆ. ಮೌನಮ್ಮನಿಗೆ ಹುರಿದ ಶೇಂಗಾ ಅಂದರೆ ಪ್ರಾಣ. ಮೌನಮ್ಮನ ಕೂದಲು ಟೊಂಕ ಮುಟ್ಟುತ್ತದೆ, ಬಾಚಲು ಒಬ್ಬರು ಬೇಕು. ಇನ್ನೂ ಮದುವೆಯಾಗಿಲ್ಲ, ಬಂದವರೆಲ್ಲ ಅಕ್ಕನ ಕಾಲಿನ ಸುದ್ದಿ ಕೇಳಿ ಹಿಂದೆ ಹೋಗುತ್ತಾರೆ. ಹೇಳುವಾಗ ಲಾಲಮ್ಮನ ಮುಖ ನೋಡಬೇಕಿತ್ತು. ಹದಿನೈದು ದಿನಗಳಲ್ಲಿ ಆಕೆ ಬೇರೆಯವರ ಹತ್ತಿರ ಆಡುವ ಒಟ್ಟು ಮಾತು ಆ ಅರ್ಧ ತಾಸಿನದು. ನಾನು ಪಕ್ಕದ ಸ್ಟೂಲಿನ ಮೇಲೆ ಗೋಡೆಯ ಪೋಸ್ಟರು ಓದುತ್ತ ಕೂರುತ್ತಿದ್ದೆ.

ಸುಳ್ಳಿನ ತಂಗಿಯ ಕೈಗುಣ ದೊಡ್ಡದು. ಸಂಕ್ರಾಂತಿಯ ಹೊತ್ತಿಗೆ ಲಾಲಮ್ಮ ಹತ್ತಿಯಿಂದ ಸೀರೆಯ ತುಂಡಿಗೆ ಬಂದಳು. ಶಿವರಾತ್ರಿಗೆ ಕಂಬಳಿ. ಯುಗಾದಿ ದಾಟಿದ ಮೇಲೆ ಜೋಳದ ಬುಟ್ಟಿಯಲ್ಲಿ ಪಾದ ಊರಿ ಕೂತಳು. ಪಾದದ ಕೆಂಪು ಇಳಿಯಿತು, ಹೊದಿಕೆಯೊಳಗೆ ಕಾಲು ಮಲಗಿತು. ಉರಿ ಪೂರಾ ಹೋಗಲಿಲ್ಲ. ಮೋಡ ಕವಿದ ದಿನ ಮತ್ತೆ ಹೊತ್ತಿಕೊಳ್ಳುತ್ತಿತ್ತು. ಆದರೆ ಚಪ್ಪಲಿ ಮೆಟ್ಟಿಕೊಂಡು ಬಸ್ ಸ್ಟ್ಯಾಂಡಿನವರೆಗೆ ನಡೆಯುತ್ತಿದ್ದಳು. ಕೋಲು ಬೇಕಾಗಲಿಲ್ಲ.

ಗೌಹರಬೇಗಂಗೆ ತಂಗಿಯನ್ನು ನೋಡುವ ಆಸೆ ಹುಟ್ಟಿತು. ಕೀಲು ತಿರುಗಿಸುವ ರೀತಿಯನ್ನು ಅವಳಿಗೇ ಕಲಿಸಬೇಕು, ಮುಂದಿನ ಸಲ ಕರೆದುಕೊಂಡು ಬನ್ನಿ ಅಂದಳು. ಮೊದಲ ಸಲ ನೆಲ್ಲಿನ ರಾಶಿ ಎಂದಾಯಿತು. ಎರಡನೆಯ ಸಲ ಜ್ವರ ಎಂದಾಯಿತು. ಕಾರಹುಣ್ಣಿಮೆಯ ಹಿಂದಿನ ವಾರ ಹೋದಾಗ ಆಕೆ ಸೊಂಟದ ಮೇಲೆ ಕೈಯಿಟ್ಟು ನಿಂತಳು. "ಈ ಸಲಾನೂ ಕರಕೊಂಡು ಬಂದಿಲ್ಲೇನ್ರಿ? ನಾನೇ ಬರ್ತೀನಿ ನಿಮ್ಮೂರಿಗಿ. ಐತವಾರ ನಂಗ ಸೂಟಿ ಅದ. ಅಂಥಾ ತಂಗೀನ್ನ ನೋಡದೆ ಬಿಡಂಗಿಲ್ಲ."

ಲಾಲಮ್ಮನ ಬಣ್ಣ ಇಳಿದುಹೋಯಿತು. ನನ್ನ ಕಡೆ ನೋಡಿದಳು. ಸುಳ್ಳು ಹೊರಬಿದ್ದರೆ ಈ ಕೋಣೆಯೂ ಮುಚ್ಚುತ್ತದೆ ಎಂಬ ಹೆದರಿಕೆ ಆ ಕಣ್ಣಲ್ಲಿತ್ತು. ಆರು ತಿಂಗಳು ಪೋಸ್ಟರು ಓದಿದ ನನಗೆ ಈಗಲಾದರೂ ಆಕೆಗೊಂದು ಉಪಕಾರ ಮಾಡಬೇಕು ಅನ್ನಿಸಿತು.

"ಮೌನಮ್ಮನ ಮದುವಿ ಆತ್ರಿ ಮೇಡಂ" ಅಂದೆ. "ಹೋದ ವಾರ. ಅವಸರದಾಗ ಆತು. ಕೊಡೇಕಲ್ ಕಡೆ ಕೊಟ್ಟೇವಿ."

"ಅರೆ, ಶಾದಿ ಆಯ್ತಾ! ಹೇಳಬಾರ್ದೇನ್ರಿ ಅಕ್ಕಾ!" ಗೌಹರಬೇಗಂ ಕುಣಿಯುವುದೊಂದು ಬಾಕಿ. ಹುಡುಗ ಏನು ಮಾಡುತ್ತಾನೆ ಎಂದು ಕೇಳಿದಳು. ಸಣ್ಣ ರೈತ, ಒಳ್ಳೆಯ ಮನೆತನ ಅಂದೆ. ಸುಳ್ಳು ಹೇಳುವುದು ಇಷ್ಟು ಸಲೀಸು ಎಂದು ನನಗೆ ಅದುವರೆಗೆ ಗೊತ್ತಿರಲಿಲ್ಲ. ಆಕೆ ಲಾಲಮ್ಮನ ಪಾದವನ್ನು ತೊಡೆಯ ಮೇಲಿಟ್ಟುಕೊಂಡು ಕೀಲು ತಿರುಗಿಸುವುದನ್ನು ಆಕೆಗೇ ಕಲಿಸಿದಳು. ಇನ್ನು ನಿಮ್ಮ ಕೈಯೇ ಸಾಕು, ಬರುವ ಅಗತ್ಯ ಇಲ್ಲ, ಹೆಚ್ಚು ತ್ರಾಸಾದರೆ ಬರ್ರಿ ಎಂದು ಚೀಟಿಯ ಕೆಳಗೆ ಗೆರೆ ಎಳೆದಳು.

ಹೊರಗೆ ಬಂದಾಗ ನಾನು ಹಗುರಾಗಿದ್ದೆ. ಚಹಾ ಕುಡಿಯೋಣ ಅಂದೆ. ಲಾಲಮ್ಮ ಬೇಡ ಅಂದಳು. ಬಸ್ ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ಕೂತಳು. ಸ್ವಲ್ಪ ಹೊತ್ತಿನ ಮೇಲೆ ನೋಡಿದರೆ ಅಳುತ್ತಿದ್ದಳು. ಸದ್ದಿಲ್ಲ, ಕಣ್ಣೀರು ತಾನಾಗಿ ಇಳಿಯುತ್ತಿತ್ತು.

"ಕಾಲು ಉರಿಯಾಕತ್ತದೇನವ್ವಾ?"

"ಕಾಲಿಗೇನಾಗಿಲ್ರಿ ಸರ." ಸೆರಗಿನಿಂದ ಮುಖ ಒರೆಸಿಕೊಂಡಳು. "ಆಕಿನ್ನ ಕಳಸೂ ಮುಂದ ನನ್ನ ಒಂದು ಮಾತು ಕೇಳಬಾರದಾಗಿತ್ತೇನ್ರಿ?"

ಯಾರನ್ನು ಎಂದು ಕೇಳಲು ಹೋಗಿ ತಡೆದುಕೊಂಡೆ. ಸಂಜೆಯ ಆ ಅರ್ಧ ತೆರೆದ ಬಾಗಿಲು, ಮುಚ್ಚಿದ ಕಣ್ಣು, ಕೈ ನೋಯುತ್ತದೇನು ಎಂದು ಕೇಳಿದ ಆ ದನಿ ಒಮ್ಮೆಲೇ ನೆನಪಾದವು. ಗೌಹರಬೇಗಂಳ ಮುಂದೆ ಸುಳ್ಳನ್ನು ಕಾಪಾಡಿದೆ ಅಂದುಕೊಂಡಿದ್ದೆ. ಆ ಮನೆಯಲ್ಲಿ ಲಾಲಮ್ಮನಿಗೆ ಜೊತೆಯಾಗಿ ಇದ್ದ ಒಬ್ಬಳೇ ಒಬ್ಬಳನ್ನು ಒಂದೇ ಮಾತಿನಲ್ಲಿ ಕೊಡೇಕಲ್ಲಿಗೆ ಅಟ್ಟಿಬಿಟ್ಟಿದ್ದೆ.

ಏನಾದರೂ ಹೇಳಬೇಕಿತ್ತು. "ನಾಗರ ಪಂಚಮಿಗಿ ತವರಿಗಿ ಬರ್ತಾಳ ಬಿಡವ್ವ" ಅಂದೆ. "ಇನ್ನೇನು ಎರಡು ತಿಂಗಳು."

ಲಾಲಮ್ಮ ನನ್ನನ್ನು ನೋಡಿದಳು. ಕೆಣಕುವ ನೋಟವಲ್ಲ, ನಿಜವಾಗಿಯೂ ಉತ್ತರ ಬೇಕಾದವರ ನೋಟ. "ಕರಿಯಾಕ ಯಾರು ಹೋಗ್ತಾರ್ರಿ ಸರ? ಅಣ್ಣ ತಮ್ಮ ಕರಿಯಾಕ ಬರಲಾರದ ಯಾವ ಹೆಣ್ಮಗಳು ತವರಿಗಿ ಬರ್ತಾಳ?"

ಶಹಾಪುರದ ಬಸ್ಸು ಬಂತು. ಜನ ನುಗ್ಗಿದರು. ಆಕೆ ಎಡಗಾಲನ್ನು ಮೆಟ್ಟಿಲ ಮೇಲೆ ಗಟ್ಟಿಯಾಗಿ ಊರಿ ಹತ್ತಿದಳು. ನಾನು ಹಿಂದಿನಿಂದ ಹತ್ತಿದೆ. ನಾನು ಹೋಗ್ತೀನಿ, ಕರಕೊಂಡು ಬರ್ತೀನಿ ಎಂದು ಒಂದು ಮಾತು ಅಂದಿದ್ದರೆ ನನ್ನ ಗಂಟೇನು ಹೋಗುತ್ತಿತ್ತು? ಇಲ್ಲದ ತಂಗಿಯನ್ನು ಇಲ್ಲದ ಮನೆಯಿಂದ ಕರೆತರಲು ಬಸ್ಸಿನ ಟಿಕೀಟೂ ಬೇಕಾಗಿರಲಿಲ್ಲ. ನಾನು ಅನ್ನಲಿಲ್ಲ.